ತಿರುಗಿ ಹೋದ ಧೂಳು

ಕೋಟ್ ದಸೌಂಧಾ
ಮಾಘ ಐದು, ಸಂವತ್ 1902

ಮೊಮ್ಮಗ ವಸಾವಾ ಸಿಂಗನಿಗೆ,

ಗುರುವಿನ ಹೆಸರು ಹೇಳಿ ಆಮೇಲೆ ಬೈಯುತ್ತೇನೆ. ನಾಚಿಕೆಗೆಟ್ಟವನೇ, ಅಣ್ಣ ತೀರಿಕೊಂಡು ಇಪ್ಪತ್ತು ದಿನವಾಯಿತು. ನದಿಯ ದಡದಲ್ಲಿ ಡೇರೆ ಹಾಕಿಕೊಂಡು ಕೂತಿದ್ದೀಯ, ಮನೆ ಒಂದು ದಿನದ ಹಾದಿ. ಕುದುರೆಗೆ ಕಾಲಿಲ್ಲವೋ, ನಿನಗೆ ಮುಖವಿಲ್ಲವೋ? ನಾನೂ ತಡ ಮಾಡಿದೆ, ಒಪ್ಪುತ್ತೇನೆ. ಧರ್ಮಶಾಲೆಯಲ್ಲಿ ಗ್ರಂಥ ಓದುವ ಭಾಯಿ ಕಲಿಸಿದ ಅಕ್ಷರ ಅರ್ಧ ಮರೆತಿದೆ. ಈ ಹಾಳೆ ಮೂರನೆಯದು. ಎರಡು ಒಲೆಗೆ ಹೋದವು.

ನಿನ್ನ ಅಣ್ಣ ನಿಧಾನನನ್ನು ಯುದ್ಧ ನಡೆದ ಊರಿನ ರೈತರು ಹುಲ್ಲಿನ ಗಾಡಿಯಲ್ಲಿ ಬಚ್ಚಿಟ್ಟು ನದಿ ದಾಟಿಸಿ ತಂದರು. ಮೂರು ದಿನ ಬದುಕಿದ್ದ. ತೊಡೆಯಲ್ಲಿ ಗುಂಡಿತ್ತು, ಬಾಯಿ ಮಾತ್ರ ಗಟ್ಟಿಯಿತ್ತು. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಓದು.

"ಬೆಳಗ್ಗೆ ಪರಂಗಿಗಳು ನಮ್ಮನ್ನ ಕಂದಕದಿಂದ ಹೊರಗೆ ಹಾಕಿದ್ರು ಅಜ್ಜಿ. ನಾನು ಅಂಚಲ್ಲೇ ಬಿದ್ದಿದ್ದೆ. ಅಷ್ಟರಲ್ಲಿ ಪಡುವಣ ಕಡೆ ಧೂಳು ಎದ್ತು. ನಮ್ಮ ಹೊಸ ಸೈನ್ಯ! ಪಕ್ಕದವನಿಗೆ ಹೇಳ್ದೆ, 'ನನ್ ತಮ್ಮ ಬಂದ ಕಣೋ, ಸಾಯ್ಬೇಡ ತಾಳು' ಅಂತ. ಪರಂಗಿಗಳ ತೋಪು ಬಾಯಿ ಮುಚ್ಕೊಂಡಿತ್ತು, ಮದ್ದೇ ಇರ್ಲಿಲ್ಲ ಅವರ ಹತ್ರ. ಇನ್ನೇನು ಗೆದ್ವಿ ಅಂದ್ಕೊಂಡೆ. ಧೂಳು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ತಿರುಗಿ ಹೋಯ್ತು."

ನಿನ್ನನ್ನು ಬೈಯಲಿಲ್ಲ. "ತಮ್ಮನ ಕಡೆಯವರ ಮದ್ದೂ ಖಾಲಿಯಾಗಿತ್ತೇನೋ?" ಎಂದು ನನ್ನನ್ನೇ ಕೇಳಿದ. ನಾನೇನು ತೋಪಿನವಳೇ? ಗೆದ್ದ ಯುದ್ಧವನ್ನು ಬಿಟ್ಟು ಬರುವುದು ಯಾವ ಲೆಕ್ಕ ಎಂದು ನನಗೂ ತಿಳಿಯದು. ಬಿತ್ತಿ, ಕಳೆ ಕಿತ್ತು, ತೆನೆ ಬಂದ ಮೇಲೆ ಹೊಲ ಬಿಟ್ಟು ಬರುವವನನ್ನು ನಾನು ನೋಡಿಲ್ಲ.

ಬಾವಿಯ ಹತ್ತಿರ ಪಕ್ಕದ ಮನೆಯ ಅತ್ತರೋ, "ನಿಮ್ ವಸಾವಾ ಕುದುರೆಗೆ ಗಾಳಿ ತೋರಿಸ್ಕೊಂಡು ಬಂದನಂತಲ್ಲಾ" ಎಂದಳು. "ಹೌದಮ್ಮಾ, ನಿನ್ ಮಗನೂ ಹೋಗಿದ್ರೆ ಜೊತೆಗೆ ಲಗಾಮು ಹಿಡೀತಿದ್ದ. ಅವನು ಹಾಸಿಗೆ ಬಿಟ್ಟೇಳ್ಲಿಲ್ಲವಲ್ಲ" ಎಂದೆ. ಬಿಂದಿಗೆ ತುಂಬದೆಯೇ ಹೋದಳು. ಅವಳ ಬಾಯಿ ಮುಚ್ಚಿಸಬಲ್ಲೆ. ನನ್ನ ಮನೆಯೊಳಗಿನದನ್ನು ಹೇಗೆ ಮುಚ್ಚಿಸಲಿ?

ನಿನ್ನ ಅತ್ತಿಗೆ ರೂಪ್ ಕೌರ್‌ಳ ಅಪ್ಪ ಫಾಲ್ಗುಣದ ಮೊದಲ ದಿನ ಬರುತ್ತಾನೆ. ನೀನು ಅಣ್ಣನ ಹೆಂಡತಿಗೆ ಚಾದರ ಹೊದಿಸಿ ಕೈಹಿಡಿದರೆ ಅವಳು ಇಲ್ಲೇ ಉಳಿಯುತ್ತಾಳೆ. ಇಲ್ಲದಿದ್ದರೆ ಕರೆದುಕೊಂಡು ಹೋಗಿ ಬೇರೆ ಕಡೆ ಕೊಡುತ್ತಾನೆ. ಅವಳನ್ನೇ ಕೇಳಿದೆ. ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದಳು: "ಮೊದ್ಲು ಅವನು ಬಂದು ನನ್ ಎದುರಿಗೆ ನಿಂತ್ಕೊಳ್ಲಿ ಅಜ್ಜಿ. ಯಾಕೆ ತಿರುಗಿದೆ ಅಂತ ಹೇಳ್ಲಿ. ಬೆನ್ನು ಹಾಕಿ ನಿಂತವನು ಚಾದರ ಹೊದಿಸೋದು ಹೇಗೆ?"

ನ್ಯಾಯವಾದ ಮಾತು. ಅದಕ್ಕೆ ಉತ್ತರ ಕೊಡಬೇಕಾದವನು ನೀನು. ದಂಡಿನ ಸರದಾರ ತಿರುಗು ಎಂದ, ತಿರುಗಿದೆ ಎಂದು ನೀನು ನಿಮ್ಮ ಡೇರೆಯ ಬೂಟಾನ ಬಾಯಲ್ಲಿ ಎರಡು ಸಲ ಹೇಳಿ ಕಳಿಸಿದೆ. ಅವನು ಹುಲ್ಲು ಹೊರುವವನು, ನಿನ್ನ ಮಾತನ್ನೂ ಹುಲ್ಲಿನ ಹಾಗೆ ತಂದು ಅಂಗಳದಲ್ಲಿ ಸುರಿದ. ಅದು ಅವಳಿಗೆ ಸಾಲದು.

ಕಂಬಳಿ, ಅಗಸೆ ಉಂಡೆ ಕಳಿಸಿದ್ದೇನೆ. ಉಂಡೆ ಕಟ್ಟಿದವಳು ಅವಳೇ. ನಾನು ಹೇಳಿದೆ ಎನ್ನಬೇಡ. ಗುರು ನಿನ್ನ ತಲೆ ಕಾಯಲಿ, ನಿನ್ನ ಕುದುರೆಯನ್ನೂ ಕಾಯಲಿ.

ನಿನ್ನ ಅಜ್ಜಿ,
ಜೀವಾನ್ ಕೌರ್

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ನೀವಿಬ್ಬರೂ ಹೊರಟ ದಿನ ನಿನ್ನ ಕೈ ನನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದೆನಲ್ಲ, ಸರದಾರ ಹೇಳದೆ ಹೆಜ್ಜೆ ಮುಂದಿಡಬೇಡ, ಹಿಂದೆ ಬಾ ಎಂದರೆ ವಾದ ಮಾಡದೆ ಬಾ ಎಂದು. ನಿಧಾನ ಪಕ್ಕದಲ್ಲೇ ಜೀನು ಬಿಗಿಯುತ್ತಿದ್ದ. "ನನಗೇನೂ ಹೇಳಲ್ವಾ ಅಜ್ಜಿ?" ಎಂದು ನಕ್ಕ. "ನೀನು ದೊಡ್ಡವನು, ನಿನಗೇನು ಹೇಳೋದು" ಎಂದೆ. ಆ ಮೂರು ದಿನ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಗಲೂ ಈ ಮಾತು ಬಾಯಿಂದ ಹೊರಡಲಿಲ್ಲ. ರೂಪ್ ಕೌರ್‌ಗೂ ಹೇಳಿಲ್ಲ. ಅಂದು ಕುದುರೆ ತಿರುಗಿಸಿದ್ದು ಸರದಾರನ ಮಾತಿಗೋ, ನನ್ನ ಆಣೆಗೋ? ನನ್ನ ಆಣೆಗೆ ಎಂದಾದರೆ ಹಾಗೆಂದೇ ಬರೆ. ಓದಿ ನಾನೇ ಅವಳ ಎದುರಿಗೆ ನಿಲ್ಲುತ್ತೇನೆ. ಫಾಲ್ಗುಣ ಹುಟ್ಟುವ ಮೊದಲು ಉತ್ತರ ನನ್ನ ಕೈಗೆ ಬರಬೇಕು.