ತಲೆ ಸವೆದ ಬೋಲ್ಟುಗಳು

ಮುಳಬಾಗಿಲು
11-6-2025

ಯಲ್ದೂರಿನ ಅಮರನಾಥ ಭಾವನವರಿಗೆ,

ತೀರ್ಥರೂಪ ಸಮಾನರು ಎಂದು ಬರೆಯಲು ಕೂತೆ, ಪೆನ್ನು ಒಪ್ಪಲಿಲ್ಲ. ಬಾಮೈದ ಭೀಮರಾಜನ ನಮಸ್ಕಾರವನ್ನಷ್ಟೇ ಇಟ್ಟುಕೊಳ್ಳಿ. ಆರೋಗ್ಯ ಹೇಗಿದೆ? ಮುಂದಿನ ಎರಡು ಹಲ್ಲು ಹೋದವೆಂದು ಚಿಂತೆ ಬೇಡ, ಮುದ್ದೆ ನುಂಗಲು ಹಲ್ಲು ಯಾಕೆ? ಮಾವಿನಹಣ್ಣನ್ನು ಮಾತ್ರ ಕಚ್ಚಲು ಹೋಗಬೇಡಿ, ಹಿಂಡಿಕೊಂಡು ಕುಡಿಯಿರಿ. ಫೋನ್ ಎತ್ತುತ್ತಿಲ್ಲ, ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ಅಕ್ಕ ಪದ್ಮಶ್ರೀಯ ಎಡಗೈ ಮೂಳೆ ಎರಡು ಕಡೆ ಮುರಿದು, ಪ್ಲಾಸ್ಟರ್ ಹಾಕಿದ್ದಾರೆ. ಕಟ್ಟಿಕೊಂಡವಳು ಹೇಗಿದ್ದಾಳೆಂದು ನೀವು ಕೇಳುವವರಲ್ಲ, ನಾನೇ ಹೇಳಿಬಿಟ್ಟೆ.

ಇನ್ನು ಗಾಡಿಯ ಸುದ್ದಿ. ಹೋದ ಭಾನುವಾರ ಟೆಂಪೋದಲ್ಲಿ ಅಕ್ಕನ ಜೊತೆಗೇ ಹೇರಿಕೊಂಡು ಬಂದ ಅಪ್ಪನ ಯೆಜ್ಡಿ ಬೈಕನ್ನು ನನ್ನ ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿ ಹಾಕಿದ್ದೇನೆ. ಮದುವೆಯಲ್ಲಿ ಅದರ ಕೀ ಕೊಡುವಾಗ ಅಪ್ಪ ಹೇಳಿದ್ದು ನೆನಪಿದೆಯೇ? “ಬಿಚ್ಚೋಕೆ ಬರ್ದಿದ್ರೆ ಮುಟ್ಬೇಡಪ್ಪಾ, ನಮ್ ಭೀಮಂಗೆ ಹೇಳು.” ಅಪ್ಪ ಹೋದರು, ಮಾತೂ ಹೋಯಿತು. ಒಂದೊಂದು ಬೋಲ್ಟಿನ ತಲೆಯೂ ಸವೆದು ಉರುಟಾಗಿದೆ. ಹದಿನಾಲ್ಕರ ಬೋಲ್ಟಿಗೆ ಹದಿನೈದರ ಸ್ಪಾನರ್, ಅದು ಜಾರಿದರೆ ಕಟಿಂಗ್ ಪ್ಲೇಯರ್, ಅದೂ ಜಾರಿದರೆ ಉಳಿ, ಸುತ್ತಿಗೆ. ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಕುಡಿಸಿ ಒಂದು ದಿನ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಅಷ್ಟು ತಾಳ್ಮೆ ನಿಮ್ಮ ವಂಶದಲ್ಲೇ ಇಲ್ಲ. ಎಂಜಿನ್ ಬೋಲ್ಟ್ ಮುರಿದದ್ದು ನಿಮ್ಮ ಸುತ್ತಿಗೆಗೆ. ಆ ಸಿಟ್ಟಿಗೆ ಏಟು ತಿಂದವಳು ಪಕ್ಕದಲ್ಲಿ ನಟ್ಟಿನ ತಟ್ಟೆ ಹಿಡಿದು ನಿಂತಿದ್ದ ನಮ್ಮಕ್ಕ. ಅದೇ ಹದಿನೈದರ ಸ್ಪಾನರಿನಲ್ಲಿ, ಮೂಳೆ ಲಟಕ್ಕೆನ್ನುವ ಹಾಗೆ. ಥೂ, ನಿನ್ನ ಜನ್ಮಕ್ಕಿಷ್ಟು! ಇಷ್ಟು ಹೊತ್ತು ‘ನೀವು’ ಅಂದೆ, ಇನ್ನು ನನ್ನ ಕೈಲಾಗದು.

“ಎಲ್ಲಾ ಸ್ಟೈನ್‌ಲೆಸ್ ಹಾಕು, ಫಳಫಳ ಅನ್ಬೇಕು” ಎಂದು ಹಿಂದೊಮ್ಮೆ ಅಂದಿದ್ದೆಯಲ್ಲ, ಹಾಕುವುದಿಲ್ಲ ಹೋಗು. ಎಂಜಿನ್ ಹಿಡಿಯುವ ಜಾಗಕ್ಕೆ ಹಳೆಯ ಗಟ್ಟಿ ಉಕ್ಕಿನದೇ ಬೇಕು. ಉಳಿಸಬಹುದಾದವನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಮಾಲೂರಿನ ಪ್ಲೇಟಿಂಗ್ ಶೆಡ್ಡಿನಲ್ಲಿ ಜಿಂಕ್ ಹಾಕಿಸಿದ್ದೇನೆ. ಸ್ಪ್ರಿಂಗ್ ವಾಷರುಗಳೆಲ್ಲ ಚಪ್ಪಟೆಯಾಗಿದ್ದವು, ಅಂಥವು ಮತ್ತೆ ನಟ್ಟನ್ನು ಹಿಡಿಯುವುದಿಲ್ಲ, ಗುಜರಿಗೆ ಹೋದವು. ಆರಿಸುವ ಕೆಲಸ ಅಕ್ಕನದು. ಬೋಲ್ಟನ್ನು ವೈಸಿನ ದವಡೆಗೆ ಕಚ್ಚಿಸಿ, ಒಂದೇ ಕೈಯಲ್ಲಿ ನಟ್ಟನ್ನು ಬೆರಳಿನಿಂದ ತಿರುಗಿಸುತ್ತಾಳೆ. ಕೊನೆಯವರೆಗೆ ಸಲೀಸಾಗಿ ಹೋದರೆ ಇಟ್ಟುಕೊಳ್ಳುತ್ತಾಳೆ, ನಡುವೆ ಸಿಕ್ಕಿಕೊಂಡರೆ ಬಕೆಟ್ಟಿಗೆ ಬೀಸಿ ಎಸೆಯುತ್ತಾಳೆ. ಆ ಸದ್ದಿಗೆ ಬೀದಿನಾಯಿ ಕೂಡ ಎದ್ದು ಓಡುತ್ತದೆ.

ಬಾಮೈದ ಸ್ಪಾನರಿನಿಂದ ಹಲ್ಲು ಉದುರಿಸಿದ ಎಂದು ಸ್ಟೇಷನ್ನಿನಲ್ಲಿ ದೂರು ಕೊಟ್ಟಿದ್ದೀಯ. ಹೌದು, ಉದುರಿಸಿದೆ ಎಂದು ನಾನೂ ಒಪ್ಪಿಕೊಂಡು ಬಂದಿದ್ದೇನೆ. ಮಿಕ್ಕವನ್ನು ಉಳಿಸಿದ್ದೇ ತಪ್ಪಾಯಿತು. ಪದ್ಮಶ್ರೀಯನ್ನು ಕಳಿಸಿದರೆ ಕೇಸು ವಾಪಸ್ ತಗೊಳ್ಳುತ್ತೇನೆಂದು ಅಮ್ಮನಿಗೆ ಹೇಳಿ ಕಳಿಸಿದ್ದೀಯಂತೆ. “ಪೋನೀಲೇರಾ, ಹೋಗ್ಲಿ ಬಿಡು, ಕಳಿಸ್ಬಿಡೋಣ, ನೀನಾದ್ರೂ ಉಳ್ಕೋ” ಎಂದು ಅಮ್ಮ ಅಳುತ್ತಾಳೆ. ಅಕ್ಕ ಇನ್ನೊಂದು ನಟ್ಟನ್ನು ಬಕೆಟ್ಟಿಗೆ ಎಸೆಯುತ್ತಾಳೆ. ಕೇಳು: ಬೇಕಾದರೆ ಜೈಲಿಗೆ ಹೋಗುತ್ತೇನೆ, ಅವಳನ್ನು ಕಳಿಸುವುದಿಲ್ಲ. ಕರೆದೊಯ್ಯಲು ನೀನೇ ಬರುವುದಾದರೆ ಮೊದಲು ಕುರುಡುಮಲೆ ಗಣಪನಿಗೆ ಒಂದು ತೆಂಗಿನಕಾಯಿ ಒಡೆದು ಬಾ. ಆಮೇಲೆ ಒಡೆಯುವುದು ನಿನ್ನ ಬುರುಡೆ.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು, ಪಾಪ, ಅವರೇನು ಮಾಡಿಯಾರು. ನಿನ್ನನ್ನು ಹರಸಲು ನಾನು ಚಿಕ್ಕವನು. ಶಾಪ ಹಾಕಲು ವಯಸ್ಸು ಬೇಕಿಲ್ಲ.

ಭೀಮರಾಜ್

ಮತ್ತೊಂದು ಮಾತು: ಅಂಚೆಗೆ ಹಾಕು ಎಂದು ತಮ್ಮ ಇದನ್ನು ನನ್ನ ಕೈಗೆ ಕೊಟ್ಟ. ಅಂಟಿಸುವ ಮೊದಲು ನಾನು, ಪದ್ಮಶ್ರೀ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವನ ಟೆಂಪೋ ಯಲ್ದೂರಿಗೆ ಬರುವಷ್ಟರಲ್ಲಿ ನೀವು ಆಗಲೇ ರಕ್ತದ ಬಾಯಿ ಮುಚ್ಚಿಕೊಂಡು ಕೂತಿದ್ದಿರಿ. ಹೊಡೆದವಳು ನಾನು. ಎಡಗೈ ಜೋತುಬಿದ್ದಿತ್ತು, ಬಲಗೈಗೆ ಬಿಚ್ಚಿಟ್ಟಿದ್ದ ಹಿಂದಿನ ಚಕ್ರದ ಆಕ್ಸಲ್ ಕಂಬಿ ಸಿಕ್ಕಿತು, ಬೀಸಿದೆ. ಹೆಂಡತಿ ಕೈಲಿ ಏಟು ತಿಂದೆ ಎನ್ನಲು ನಿಮಗೆ ನಾಚಿಕೆ, ಅಕ್ಕನನ್ನು ಉಳಿಸಬೇಕೆಂದು ಇವನಿಗೆ ಹುಚ್ಚು. ನೀವಿಬ್ಬರೂ ಸುಳ್ಳು ಹೇಳಿದ್ದಕ್ಕೆ ನಾನು ಮತ್ತೆ ಆ ಮನೆ ಹೊಗಬೇಕೆ? ಇವತ್ತು ಬೆಳಿಗ್ಗೆ ಒಬ್ಬಳೇ ಸ್ಟೇಷನ್ನಿಗೆ ಹೋಗಿ, ಕೈಯ ಎಕ್ಸ್‌ರೇಯನ್ನೂ ಆ ಆಕ್ಸಲನ್ನೂ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ ಬಂದಿದ್ದೇನೆ. ಭೀಮನಿಗೆ ಇನ್ನೂ ಗೊತ್ತಿಲ್ಲ. ಆಕ್ಸಲನ್ನು ಅವರೇ ಇಟ್ಟುಕೊಂಡರು, ಗಾಡಿಗೆ ಹೊಸದು ಹಾಕುತ್ತೇವೆ. ನಾನು ಬರುವುದಿಲ್ಲ. ಈ ವಾರದಲ್ಲೇ ನಿಮ್ಮನ್ನು ಸ್ಟೇಷನ್ನಿಗೆ ಕರೆಸುತ್ತಾರೆ. ಹಲ್ಲು ಉದುರಿಸಿದ್ದು ಯಾರೆಂದು ಎಲ್ಲರ ಎದುರಿಗೆ ನೀವೇ ಬಾಯಿ ಬಿಟ್ಟು ಹೇಳಿ.