ಹಿಂದಕ್ಕೆ ಒಪ್ಪಿಸಬಾರದು

ನಿಟ್ಟೆ
13 ಫೆಬ್ರವರಿ 1966, ಭಾನುವಾರ

ಪ್ರೀತಿಯ ಪ್ರಫುಲ್ಲಾ,

ಲಕೋಟೆ ಒಡೆದಾಗ ಮೊದಲು ಸಿಕ್ಕಿದ ಹಾಳೆ ಡುಲ್ಸಿನ್‌ಳ ಮದುವೆಯ ಕರೆಯೋಲೆ. ಅದನ್ನು ಅವಳ ಅಪ್ಪ ಡೊಮಿನಿಕ್ ಬಾಪ್ಪು ಓದಿ, ‘ಕುಟುಂಬ ಸಮೇತ’ ಎಂದು ನನ್ನಿಂದ ಬರೆಸಿ, ಒಪ್ಪಿದ್ದಾರೆ. ಈ ಹಾಳೆಗಳನ್ನು ಅವರು ನೋಡಿಲ್ಲ. ಓದಿದ ಮೇಲೆ ಒಲೆಗೆ ಹಾಕು. ನನ್ನ ಅಕ್ಷರ ಈ ಸಲ ಇಷ್ಟು ಕೆಟ್ಟದಾಗಿರುವುದಕ್ಕೆ ನಗಬೇಡ.

ಬುಟ್ಟಿ ತಲುಪಿರಬೇಕು. ನಮ್ಮವರ ಮದುವೆಯಲ್ಲಿ ಊಟಕ್ಕೆ ಕೂರಲಾಗದ ಹಿಂದೂ ಸ್ನೇಹಿತರ ಮನೆಗೆ ಹೀಗೆ ಮುಂಚಿತವಾಗಿ ತೆಂಗಿನಕಾಯಿ, ಬೆಲ್ಲ, ಬಾಳೆಗೊನೆ ಕಳಿಸುವ ಪದ್ಧತಿ ನಿನಗೆ ಗೊತ್ತೇ ಇದೆ. (ನೀನು ಕಾಪುವಿನಲ್ಲಿ ನನ್ನ ಅಮ್ಮನ ಕೈಯ ಸಾನ್ನಾಂ ತಿಂದದ್ದು ನಿನ್ನ ಅಮ್ಮನಿಗೆ ಇನ್ನೂ ಗೊತ್ತಿಲ್ಲವಷ್ಟೆ?) ಬುಟ್ಟಿ ತಂದವಳಿಗೆ ಬೆಲ್ಲ ನೀರು ಕೊಟ್ಟು, ಈ ಕಾಗದ ಓದಿ ಮುಗಿಯುವವರೆಗೆ ನಿಲ್ಲಲು ಹೇಳು. ನನಗೆ ಉತ್ತರ ಬೇಕು.

ಅಟ್ಟದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕೆಳಗೆ ಬಾಪ್ಪುವಿನ ಆರಾಮ ಕುರ್ಚಿ ಕಿರುಗುಟ್ಟುತ್ತಿದೆ. ಅದು ಕಿರುಗುಟ್ಟುತ್ತಿರುವಷ್ಟು ಹೊತ್ತು ನಾನು ಬರೆಯಬಹುದು. ಸದ್ದು ನಿಂತರೆ ಅವರು ಎದ್ದಿದ್ದಾರೆ ಎಂದರ್ಥ. ಅಪ್ಪ ತೀರಿಕೊಂಡ ಮೇಲೆ ಅವರ ಈ ತಮ್ಮನ ಮನೆಯೇ ನನಗೆ ಆಸರೆ. ಇಲ್ಲಿಂದಲೇ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ಬಾಪ್ಪು ನನಗೆ ಒಂದು ಕೆಟ್ಟ ಮಾತೂ ಆಡಿದವರಲ್ಲ. ಯಾರಿಗೂ ಆಡುವುದಿಲ್ಲ. ನನ್ನ ಹೆದರಿಕೆಗೆ ಅದೂ ಒಂದು ಕಾರಣ.

ನಮ್ಮ ಹೊಸ ಪಾದ್ರಿ ಆಲ್ಫೋನ್ಸರ ಬಗ್ಗೆ ಹಿಂದೆ ಬರೆದಿದ್ದೆ. ಇಗರ್ಜಿಯಲ್ಲಿ ಲತೀನ್ ಹೋಗಿ ಕೊಂಕಣಿ ಬಂದ ಮೇಲೆ, ಜನರು ಬೈಬಲನ್ನು ತಾವೇ ಓದಿ ಅರ್ಥ ಮಾಡಿಕೊಳ್ಳಬೇಕೆಂಬುದು ಅವರ ಹಟ. ಕೊಂಕಣಿಯಲ್ಲಿ ಪೂರ್ತಿ ಬೈಬಲ್ ಇಲ್ಲ. ಹಾಗಾಗಿ ಕನ್ನಡದ್ದನ್ನು ತರಿಸಿದರು. ಕನ್ನಡದಲ್ಲಿ ಬಿ.ಎ. ಮಾಡಿದವಳೆಂದು ಭಾನುವಾರದ ಪೂಜೆಯ ನಂತರ ಎಲ್ಲರೆದುರು ಓದಿ, ಕಷ್ಟದ ಮಾತುಗಳನ್ನು ಬಿಡಿಸಿ ಹೇಳುವ ಕೆಲಸ ನನಗೆ ಬಂತು. ಉಡುಪಿಯ ಕಾಲೇಜಿನಲ್ಲಿ ನನ್ನ ಪ್ರಬಂಧವನ್ನು ನೀನೇ ನಿಂತು ಓದುತ್ತಿದ್ದೆಯಲ್ಲ, ಆ ನನಗೆ!

ಜನವರಿಯಲ್ಲಿ ಸಂತ ಪೌಲನ ಒಂದು ಪತ್ರ ಬಂತು. ದಾಸರು ತಮ್ಮ ಯಜಮಾನರಿಗೆ ಹೆದರಿ ನಡುಗುತ್ತ ವಿಧೇಯರಾಗಿರಬೇಕು ಎಂಬ ಮಾತು ಅದರಲ್ಲಿದೆ. ನಾನು ಓದಿ ಮುಗಿಸುವ ಮೊದಲೇ ಮುಂದಿನ ಬೆಂಚಿನಿಂದ ಬಾಪ್ಪು ಎಂದರು: “ಇಷ್ಟು ಒಳ್ಳೆಯ ಮಾತನ್ನು ಇಷ್ಟು ವರ್ಷ ಲತೀನಿನಲ್ಲಿ ಯಾಕೆ ಅಡಗಿಸಿ ಇಟ್ಟಿರಿ ಪಾದ್ರ್ಯಾಬ್? ನಮ್ಮ ಆಳುಗಳಿಗೆ ಮೊದಲೇ ಹೇಳಬಹುದಿತ್ತು!”

ಎಲ್ಲರೂ ನಕ್ಕರು. ಪಾದ್ರಿಗಳೂ ಸ್ವಲ್ಪ ನಕ್ಕು, “ಅದು ಆ ಕಾಲದ ಮಾತು ಡೊಮಿನಿಕಾಬ್. ಆಗ ರೋಮಿನಲ್ಲಿ ದಾಸರಿದ್ದರು. ಈಗ ನಾವು ಅದನ್ನು ಪ್ರಾಮಾಣಿಕವಾಗಿ ಕೆಲಸ ಮಾಡಿ ಅಂತ ತಿಳಿಯಬೇಕು” ಎಂದರು. ನಾಲ್ಕು ಸಾಲು ಕೆಳಗೆ ಯಜಮಾನರಿಗೂ ಒಂದು ಮಾತಿದೆ: ಬೆದರಿಸುವುದನ್ನು ಬಿಡಿ, ನಿಮ್ಮಿಬ್ಬರ ಯಜಮಾನ ಒಬ್ಬನೇ, ಅವನು ಮುಖ ನೋಡಿ ತೀರ್ಪು ಕೊಡುವವನಲ್ಲ ಎಂದು. ಅದನ್ನೂ ಓದಿದೆ. ಆದರೆ ಅಷ್ಟರಲ್ಲಿ ಎಲ್ಲರೂ ಕೊಡೆ ಹುಡುಕುತ್ತಿದ್ದರು.

ಬಾಗಿಲ ಹೊರಗೆ ಬಾಪ್ಪುವಿನ ಹೆಂಡತಿ ಜೆರ್ಟ್ರೂಡ್ ಮಾವ್ಶಿಯ ಕೊಡೆ ಮತ್ತು ಎಲೆಯಡಿಕೆ ಚೀಲ ಹಿಡಿದು ಅಕ್ಕು ನಿಂತಿದ್ದಳು. ಅಕ್ಕು ನಮ್ಮ ದನದ ಹಟ್ಟಿಯ ಕೆಲಸದವಳು, ಮೂಲದಾಳು ಕಿಟ್ಟನ ಒಬ್ಬಳೇ ಮಗಳು. ತಾಯಿ ಇಲ್ಲ. ಮೂಲದಾಳು ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಜ್ಜನ ಕಾಲದಲ್ಲಿ ನಿಮ್ಮ ಮನೆಗೂ ಇದ್ದರೆಂದು ನೀನೇ ಹೇಳಿದ್ದೆ. ಗದ್ದೆಯ ಜೊತೆ ಬಂದವರು, ಗದ್ದೆಯ ಜೊತೆಯೇ ಇರುವವರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಹಿಂದಿನಿಂದ ಕೇಳಿದಳು: “ಲೊರ್ನಾ ಬಾಯಿ, ನಿಮ್ಮ ದೇವರ ಬುಕ್ಕಿನಲ್ಲಿ ನಮ್ಮ ವಿಷಯವೂ ಉಂಟಾ?”

“ಉಂಟು ಅಕ್ಕು.”

“ಎಂತ ಉಂಟು? ದನದ ವಿಷಯ ಇರುವ ಪುಟದಲ್ಲಾ, ಜನರ ವಿಷಯ ಇರುವ ಪುಟದಲ್ಲಾ?” ಎಂದು ಕೇಳಿ ನಕ್ಕಳು. ಅವಳಿಗೆ ಎಲ್ಲದಕ್ಕೂ ನಗು.

ಮುಂದಿನ ಭಾನುವಾರ ಅದೇ ಪೌಲನ ಅತ್ಯಂತ ಚಿಕ್ಕ ಪತ್ರ. ಒನೇಸಿಮ ಎಂಬ ದಾಸ ಯಜಮಾನ ಫಿಲೆಮೋನನಿಂದ ತಪ್ಪಿಸಿಕೊಂಡು ಬಂದು, ಸೆರೆಮನೆಯಲ್ಲಿದ್ದ ಪೌಲನ ಆಸರೆ ಪಡೆಯುತ್ತಾನೆ. ಪೌಲ ಅವನನ್ನು ಮಗನಂತೆ ಪ್ರೀತಿಸುತ್ತಾನೆ, ಆದರೂ ಯಜಮಾನನ ಬಳಿಗೇ ತಿರುಗಿ ಕಳಿಸುತ್ತಾನೆ. ಕೈಯಲ್ಲಿ ಒಂದು ಕಾಗದ ಕೊಡುತ್ತಾನೆ: ಇವನನ್ನು ಇನ್ನು ದಾಸನೆಂದಲ್ಲ, ತಮ್ಮನೆಂದು ಸೇರಿಸಿಕೋ. ಸಾಹಿತ್ಯ ಓದಿದವಳಾಗಿ ಹೇಳುತ್ತೇನೆ, ಅಷ್ಟು ನಯವಾಗಿ ಬೇಡಿಕೊಂಡ ಕಾಗದವನ್ನು ನಾನು ಬೇರೆಲ್ಲೂ ಓದಿಲ್ಲ. ಆದರೆ ಆ ದಿನ ದಾರಿಯಲ್ಲಿ ಅಕ್ಕು ಕೇಳಿದ್ದು ಕಾಗದದ ಬಗ್ಗೆ ಅಲ್ಲ.

“ಮತ್ತೆ ಎಂತ ಆಯಿತು? ಧಣಿ ಹೊಡೆದನಾ?”

“ಗೊತ್ತಿಲ್ಲ. ಬರೆದಿಲ್ಲ.”

“ಅಯ್ಯೋ, ಅಷ್ಟು ದೊಡ್ಡ ಬುಕ್ಕಿನಲ್ಲಿ ಅದೊಂದು ಬರೆಯಲಿಲ್ಲವಾ ಮಾರಾಯರೇ!”

ಅಂದಿನಿಂದ ನನಗೆ ಆ ದಾರಿಯದ್ದೇ ಯೋಚನೆ. ಒನೇಸಿಮನಿಗೆ ಓದಲು ಬರುತ್ತಿತ್ತೋ ಇಲ್ಲವೋ. ತನ್ನ ಬಗ್ಗೆ ಏನು ಬರೆದಿದೆಯೆಂದು ತಿಳಿಯದ ಕಾಗದವನ್ನು ಹಿಡಿದು, ಯಾವ ಮನೆಯಿಂದ ಓಡಿಬಂದನೋ ಅದೇ ಮನೆಯ ಕಡೆಗೆ ನಡೆಯುವುದೆಂದರೆ! ಪಾದ್ರಿಗಳು ‘ಆ ಕಾಲ’ ಎನ್ನುತ್ತಾರೆ. ಬರೆದದ್ದು ಯಾವ ಕಾಲದಲ್ಲಿ, ಯಾರಿಗೆ ಎಂದು ತಿಳಿಯಬೇಕೆಂಬುದು ಸರಿ. ನಮ್ಮ ಮೇಷ್ಟ್ರೂ ಹಳಗನ್ನಡ ಪಾಠದಲ್ಲಿ ಹಾಗೆಯೇ ಹೇಳುತ್ತಿದ್ದರು. ಪೌಲ ‘ದಾಸರೇ’ ಎಂದು ನೇರವಾಗಿ ಕರೆದದ್ದೂ ಸಣ್ಣದಲ್ಲ. ಆ ಪತ್ರವನ್ನು ಓದುವಾಗ ಅವರೂ ಅದೇ ಕೋಣೆಯಲ್ಲಿ ಕುಳಿತಿದ್ದರು ಎಂದಾಯಿತು. ನಮ್ಮಲ್ಲಿ ಅಕ್ಕು ಬಾಗಿಲ ಹೊರಗಿದ್ದಾಳೆ. ನಮ್ಮ ಹಟ್ಟಿಯಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ ಪ್ರಫುಲ್ಲಾ. ಅಲ್ಲಿಗೆ ಅದೇ ಸಾಲನ್ನು ಒಯ್ದು ಓದಿದರೆ ಅದು ಬಾಪ್ಪುವಿನ ಕೈಗೆ ಕೋಲು ಕೊಟ್ಟ ಹಾಗೆ.

ಹಾಗಾಗಿ ಹುಡುಕಿದೆ. ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾರೂ ಓದದ ಒಂದು ಮೂಲೆಯಲ್ಲಿ, ಒಂದು ಮಾತು ಸಿಕ್ಕಿತು: ಯಜಮಾನನಿಂದ ತಪ್ಪಿಸಿಕೊಂಡು ನಿನ್ನ ಬಳಿಗೆ ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬಾರದು. ಅವನು ತನಗೆ ಇಷ್ಟವಾದ ಊರಿನಲ್ಲಿ ಇರಲಿ. ಅವನನ್ನು ಪೀಡಿಸಬಾರದು. ಹೋದ ಭಾನುವಾರ ಅದನ್ನು ಓದಿದೆ. ಈ ಸಲ ಯಾರೂ ನಗಲಿಲ್ಲ. ಪಾದ್ರಿಗಳು ಕನ್ನಡಕ ಒರೆಸಿಕೊಂಡು, ಮುಂದಿನ ವಾರ ಚರ್ಚಿಸೋಣ ಎಂದರು.

ಮಧ್ಯಾಹ್ನ ಊಟದಲ್ಲಿ ಬಾಪ್ಪು ನನ್ನ ತಟ್ಟೆಗೆ ತಾವೇ ಮೀನು ಹಾಕಿ, “ಮೋಶೆಗೆ ಗದ್ದೆ ಇರಲಿಲ್ಲ ಮಗಾ. ಬರೀ ಮರಳು. ಮರಳಲ್ಲಿ ನಾಟಿ ಮಾಡುವುದಕ್ಕೆ ಆಳು ಬೇಡ ಅಲ್ವಾ?” ಎಂದರು. ಮಾವ್ಶಿ ನಕ್ಕರು. ನಾನೂ ನಕ್ಕೆ. ಕೈ ತೊಳೆಯುವಾಗ ಅವರು ಮೆಲ್ಲನೆ, “ಮದುವೆ ಮುಗಿಯುವವರೆಗೆ ಆ ಬುಕ್ಕು ನನ್ನ ಕಪಾಟಿನಲ್ಲಿ ಇರಲಿ. ಮನೆಯಲ್ಲಿ ಜನ ಬರುತ್ತಾರೆ, ಹಾಳಾಗುತ್ತದೆ” ಎಂದರು. ಬೀಗ ತಿರುಗಿದ ಸದ್ದು ಕೇಳಿಸಿತು. ಇವತ್ತು ಪೂಜೆಯ ನಂತರ ಓದು ಇರಲಿಲ್ಲ.

ಈಗ ಮುಖ್ಯ ವಿಷಯ. ಬುಧವಾರ ಡುಲ್ಸಿನ್‌ಳ ಮದುವೆ. ಮಂಗಳವಾರ ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ದಿನ. ಅಂದು ಅಂಗಳದಲ್ಲಿ, ಎಲ್ಲ ನೆಂಟರೆದುರು, ಬಾಪ್ಪು ಅಕ್ಕುವಿಗೆ ಒಂದು ಹೊಸ ಸೀರೆ ಕೊಡುತ್ತಾರೆ. ಕೆಂಪು ಅಂಚಿನದು, ಕಾರ್ಕಳದಿಂದ ತಂದದ್ದು, ಚೆನ್ನಾಗಿದೆ. ಅದನ್ನು ಉಟ್ಟರೆ ಅವಳು ಡುಲ್ಸಿನ್‌ಳ ಗಂಡನ ಮನೆಯ ಆಳು. ಕರೆಯುವ ಹಸುವಿನ ಜೊತೆ, ತಾಮ್ರದ ಹಂಡೆಯ ಜೊತೆ ಪೆರ್ಡೂರಿಗೆ ಹೋಗಬೇಕು. ಮಾವ್ಶಿಯ ಮದುವೆಯಲ್ಲಿ ಐತೆ ಎಂಬವಳು ಹೀಗೆಯೇ ಈ ಮನೆಗೆ ಬಂದಳು. ಈಗ ಅವಳಿಗೆ ಹಲ್ಲಿಲ್ಲ. ನಿನ್ನ ಊರು ಯಾವುದು ಎಂದು ಒಮ್ಮೆ ಕೇಳಿದೆ. ಮಾವ್ಶಿಯ ಕಡೆ ಕೈ ತೋರಿಸಿ, “ಬಾಯಮ್ಮನದ್ದು ಯಾವುದೋ, ಅದೇ” ಎಂದಳು.

ಕಾನೂನು ಉಂಟಲ್ಲ ಎಂದು ನೀನು ಹೇಳುತ್ತೀ. ಉಂಟು. ಊರಿನ ಪಟೇಲರು ದಿನಾ ಸಂಜೆ ನಮ್ಮ ಜಗಲಿಯಲ್ಲೇ ಇಸ್ಪೀಟು ಆಡುತ್ತಾರೆ. ಎರಡು ವರ್ಷದ ಹಿಂದೆ ಹೂವಪ್ಪ ಎಂಬ ಆಳು ಕಾಪುವಿಗೆ ಓಡಿಹೋಗಿ ದೋಣಿಯ ಕೆಲಸಕ್ಕೆ ಸೇರಿದ್ದ. ಕರೆದುಕೊಂಡು ಬಂದರು. ಯಾರೂ ಹೊಡೆಯಲಿಲ್ಲ. ಬಾಪ್ಪು ಅವನನ್ನು ಅಂಗಳದಲ್ಲಿ ಕೂರಿಸಿ, “ಹಸಿದಿರಬೇಕು ಪಾಪ” ಎಂದು ಎಲ್ಲರೆದುರು ಗಂಜಿ ಹಾಕಿಸಿದರು. ಮರುದಿನ ಅವನ ಗುಡಿಸಲಿನಿಂದ ಬಾವಿಗೆ ಹೋಗುವ ದಾರಿಗೆ ಮುಳ್ಳಿನ ಬೇಲಿ ಬಿತ್ತು. ಅವನ ಹೆಂಡತಿ ಇಂದಿಗೂ ತೋಡಿನ ನೀರು ಹೊರುತ್ತಾಳೆ. ಕಿಟ್ಟನ ಗುಡಿಸಲಿಗೂ ಅದೇ ಬಾವಿ.

ಅಕ್ಕುವಿಗೆ ಪೆರ್ಡೂರಿಗೆ ಹೋಗಲು ಮನಸ್ಸಿಲ್ಲ. ನಿನ್ನ ತಾರಾನಾಥಣ್ಣ ಗುಮಾಸ್ತನಾಗಿರುವ ನಿಮ್ಮೂರ ಗೇರುಬೀಜದ ಕಾರ್ಖಾನೆಯ ಬಗ್ಗೆ ನೀನು ಬರೆದದ್ದನ್ನು ಒಮ್ಮೆ ಅವಳಿಗೆ ಹೇಳಿದ್ದೆ. ಅವಳು ಅದನ್ನು ಮರೆತೇ ಇಲ್ಲ. “ಅಲ್ಲಿ ಸಂಜೆ ಗಂಟೆ ಹೊಡೆದರೆ ಹೊರಗೆ ಹೋಗಬಹುದಂತೆ, ಹೌದಾ ಬಾಯಿ? ಯಾರನ್ನೂ ಕೇಳದೆ?” ಎನ್ನುತ್ತಾಳೆ. ಹಾಲು ಕರೆಯುವಾಗ ಒಮ್ಮೆ ಕೇಳಿದಳು, ಸೆಗಣಿ ಬಾಚುವಾಗ ಮತ್ತೆ ಕೇಳಿದಳು. ಕಡೆಗೆ ಶುಕ್ರವಾರ ಕೇಳಲಿಲ್ಲ. ನಗಲೂ ಇಲ್ಲ. ಹಸುವಿನ ಕುತ್ತಿಗೆಯ ಮೇಲೆ ಕೈ ಇಟ್ಟು, “ಇದಕ್ಕೂ ನನಗೂ ಒಂದೇ ದಿನ ಹೊರಡುವುದು” ಎಂದಳು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಅವಳು ನಿನ್ನ ಬಳಿಗೆ ಬಂದರೆ ಸೇರಿಸಿಕೊಳ್ಳುತ್ತೀಯಾ? ಕಾರ್ಖಾನೆಯಲ್ಲಿ ಕೆಲಸ, ಮಲಗಲು ಒಂದು ಜಾಗ ಆಗುವವರೆಗೆ ಮಾತ್ರ. ನಿನ್ನ ಅಮ್ಮ ಏನೆನ್ನುತ್ತಾರೋ ಎಂದು ನನಗೂ ಹೆದರಿಕೆ. ಅಕ್ಕುವಿನ ಜಾತಿಯವರು ನಿಮ್ಮ ಅಂಗಳ ದಾಟಿ ಒಳಗೆ ಬಂದವರಲ್ಲ. ನಮ್ಮದನ್ನೂ ದಾಟಿದವರಲ್ಲ. ಬಾಪ್ಪುವಿನ ಕಡೆಯವರು ಹುಡುಕಿಕೊಂಡು ಬಂದರೆ ತಾರಾನಾಥಣ್ಣ ಎದುರು ನಿಂತು ಮಾತಾಡಬಲ್ಲರಾ? ನೀನು ಆಗುವುದಿಲ್ಲ ಎಂದರೆ ನನಗೆ ಕೋಪ ಬರುವುದಿಲ್ಲ. ಆದರೆ ಮತ್ತೆ ಯಾರನ್ನು ಕೇಳಬೇಕೆಂದು ನನಗೆ ಗೊತ್ತಿಲ್ಲ. ಪಾದ್ರಿಗಳನ್ನು ಕೇಳಿದೆ. “ಪ್ರಾರ್ಥನೆ ಮಾಡು ಲೊರ್ನಾ, ನಾನೂ ಮಾಡುತ್ತೇನೆ” ಎಂದರು. ಅವರೂ ಹೆದರಿದ್ದರು. ಅದನ್ನು ನೋಡಿ ನನ್ನ ಹೆದರಿಕೆ ಹೆಚ್ಚಾಯಿತು.

ಕುರ್ಚಿಯ ಸದ್ದು ನಿಂತಿದೆ.

ಇಲ್ಲ, ಎಲೆಯಡಿಕೆ ಉಗುಳಲು ಎದ್ದದ್ದು. ಆದರೂ ಇಲ್ಲಿಗೆ ನಿಲ್ಲಿಸುತ್ತೇನೆ. ನನ್ನ ಮೇಲೆ ನಿನ್ನ ಪ್ರೀತಿ ಇರಲಿ.

ಎಂದೆಂದೂ ನಿನ್ನವಳಾದ
ಲೊರ್ನಾ

ತಾ.ಕ.: ಸೋಮವಾರ ಬೆಳಿಗ್ಗೆ. ಬಸ್ಸಿಗೆ ಹೊತ್ತಾಯಿತು. ನಿನ್ನ ಉತ್ತರಕ್ಕೆ ಕಾಯಲು ನನ್ನಿಂದ ಆಗಲಿಲ್ಲ ಪ್ರಫುಲ್ಲಾ, ಕ್ಷಮಿಸು. ನಾಳೆ ಸೀರೆ ಕೊಡುತ್ತಾರೆ. ಬುಟ್ಟಿ ತಂದವಳೇ ಅಕ್ಕು. ಮದುವೆಯ ಬುಟ್ಟಿ ಹೊತ್ತ ಆಳನ್ನು ದಾರಿಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕಂಡಕ್ಟರ್ ಡೆನಿಸನೇ ಅದನ್ನು ಎತ್ತಿ ಬಸ್ಸಿನ ಮೇಲೆ ಇಡುತ್ತಾನೆ. ಮಾವ್ಶಿ ಬಸ್ಸಿನ ಚಿಲ್ಲರೆಯನ್ನು ತಾವೇ ಅವಳ ಕೈಗೆ ಹಾಕಿ, “ಕತ್ತಲಾಗುವ ಮೊದಲು ಬಾ” ಎಂದಿದ್ದಾರೆ. ಸಂಜೆ ಬಸ್ಸಿನಿಂದ ಅವಳು ಇಳಿಯದಿದ್ದಾಗ ನನ್ನನ್ನು ಕೇಳುತ್ತಾರೆ. ಆಗ ನಾನು ಇಲ್ಲೇ ಇರುತ್ತೇನೆ. ಇರಬೇಕು, ಇಲ್ಲದಿದ್ದರೆ ಕಿಟ್ಟನೊಬ್ಬನನ್ನೇ ಕೇಳುತ್ತಾರೆ.

ಅವನಿಗೆ ನಾವಿಬ್ಬರೂ ಏನೂ ಹೇಳಿರಲಿಲ್ಲ. ಈಗಷ್ಟೇ ಅಂಗಳದಲ್ಲಿ ಅವನು ಬುಟ್ಟಿ ಕಟ್ಟುವುದನ್ನು ಕಿಟಕಿಯಿಂದ ನೋಡಿದೆ. ಮೊದಲು ತಳಕ್ಕೆ ಒಂದು ಹಳೆಯ ಸೀರೆ ಹಾಕಿದ. ಅಕ್ಕುವಿನ ತಾಯಿಯದು. ಅದರ ಮೇಲೆ ಬಾಳೆಎಲೆ, ಆಮೇಲೆ ಕಾಯಿ, ಬೆಲ್ಲ. ಆಮೇಲೆ ಹಟ್ಟಿಯಿಂದ ಬಂದ ಮಗಳ ಮುಖ ನೋಡದೆ ತಲೆಗೆ ಎತ್ತಿಕೊಟ್ಟ.

ಆ ಸೀರೆಯನ್ನು ಅವಳಿಗೆ ತೆಗೆದುಕೊಡು. ಅದು ಅಲ್ಲಿದೆ ಎಂದು ಅವಳಿಗೆ ಗೊತ್ತಿಲ್ಲ. ಈಗ ಅವಳು ನಿನ್ನ ಅಂಗಳದ ಅಂಚಿನಲ್ಲಿ ನಿಂತಿರುತ್ತಾಳೆ. ಕರೆಯದೆ ಒಳಗೆ ಬರುವವಳಲ್ಲ.