ಎಲೆ ಚಿಗುರುವ ಮೊದಲೇ ಒಡೆದ ಮೊಟ್ಟೆಗಳು

ಮಾರ್ಚ್ ಆರು, ಬೆಳಗ್ಗೆ

ಅಕ್ಕನವರಿಗೆ,

ಹಿಂದೆ ಇದರ ಮುಂದೆ ‘ಪ್ರೀತಿಯ’ ಎಂದು ಸೇರಿಸುತ್ತಿದ್ದೆ. ಈಗ ಸೇರಿಸಿದರೆ ಸುಳ್ಳಾಗುತ್ತದೆ. ನೀವು ನನ್ನ ಗಂಡನ ಅಣ್ಣನ ಹೆಂಡತಿ, ಒಂಬತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು. ಅಷ್ಟಕ್ಕಾಗಿ ‘ಅಕ್ಕ’ ಒಂದನ್ನು ಉಳಿಸಿಕೊಂಡಿದ್ದೇನೆ.

ನಿಮ್ಮ ಕಾಗದ ತಲುಪಿತು. ಈ ಸಲವೂ, ಹೊರಗಿನಿಂದ ಕೊಂಡು ತಂದ ರೇಷ್ಮೆ ಮೊಟ್ಟೆಗಳು ಅವಧಿಗೆ ಮೊದಲೇ ಒಡೆದವಂತೆ. ಹಿಪ್ಪುನೇರಳೆಯ ಮೊಗ್ಗು ಇನ್ನೂ ಬಿಚ್ಚಿಲ್ಲವಂತೆ. ಅತ್ತೆ ಹಾಸಿಗೆ ಹಿಡಿದಿದ್ದಾರಂತೆ. ಹಳೆಯದನ್ನೆಲ್ಲ ಮರೆತು, ನನ್ನ ಆ ನೋಟ್‌ಬುಕ್ ಹಿಡಿದುಕೊಂಡು ವಾಪಸ್ ಬರಬೇಕಂತೆ. ಕೊನೆಯಲ್ಲಿ ‘ಏನ್ಮಾಡೋದು, ಕಾಲ ಕೆಟ್ಟಿದೆ’ ಎಂದು ಒಂದು ಸಾಲು. ಓದಿ ನಗು ಬಂತು. ಮೂರು ವರ್ಷದ ಹಿಂದೆ ಆ ಮನೆಯಲ್ಲಿ ಕೆಟ್ಟದ್ದು ನಾನೊಬ್ಬಳೇ. ಕಾಲದ ಸರದಿ ಈಗ ಬಂತೇನೋ.

ಮರೆಯಲು ಹೇಳಿದ್ದೀರಿ. ಏನನ್ನು ಮರೆಯಬೇಕೆಂದು ನಿಮಗೂ ಗೊತ್ತಿರಲಿ.

ನೆಲಮಾಳಿಗೆ ನನ್ನ ಪಾಲಿನ ಕೆಲಸ. ಬೇಸಿಗೆಯಲ್ಲಿ ಚಿಟ್ಟೆಗಳು ಮೊಟ್ಟೆಯಿಟ್ಟ ಮೂವತ್ತು ಹಾಳೆಗಳನ್ನು ಚಳಿಗಾಲವಿಡೀ ಅಲ್ಲಿ ತಂಪಾಗಿ ಮಲಗಿಸಬೇಕು. ಗಿಡ ಚಿಗುರಿದ ಮೇಲೆ ಮೇಲಿನ ಕೋಣೆಗೆ ತಂದು, ಬೆಚ್ಚಗೆ ಮಾಡಿ ಎಬ್ಬಿಸಬೇಕು. ಹಳದಿ ಗೂಡಿನ ಆ ತಳಿಯನ್ನು ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಕಾಪಾಡಿಕೊಂಡು ಬಂದಿದ್ದರು. ಬೇರೆ ಯಾರ ಹತ್ತಿರವೂ ಅದು ಇರಲಿಲ್ಲ. ನಾನು ದಿನಕ್ಕೆರಡು ಸಲ ಇಳಿದು ಥರ್ಮಾಮೀಟರ್ ನೋಡಿ ಆ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ನಾನು ಬಂದ ಹೊಸದರಲ್ಲಿ ಜನವರಿಯೆಂದರೆ ಐದು ಡಿಗ್ರಿ. ಆಮೇಲೆ ಏಳಾಯಿತು, ಒಂಬತ್ತಾಯಿತು. ಮೂರು ವರ್ಷದ ಹಿಂದಿನ ಆ ಜನವರಿಯಲ್ಲಿ ಹದಿನಾಲ್ಕು ದಾಟಿತು. ಕಿಟಕಿಗೆ ಒದ್ದೆ ಕಂಬಳಿ ಕಟ್ಟಿದೆ, ಬಕೆಟ್‌ಗಟ್ಟಲೆ ಐಸ್ ತಂದಿಟ್ಟೆ. ಪಾದರಸ ಅಲ್ಲಾಡಲಿಲ್ಲ.

ನಿಮಗೆ ಮೂರು ಸಲ ಹೇಳಿದೆ. ಮೊದಲ ಸಲ ನೀವು ತಲೆ ಬಾಚಿಕೊಳ್ಳುತ್ತಿದ್ದಿರಿ. “ಅಕ್ಕ, ಇವು ಬೇಗ ಏಳೋ ಹಾಗಿವೆ. ಹಾಳೆಗಳನ್ನ ಐಸ್ ಫ್ಯಾಕ್ಟರಿಗೆ ಸಾಗಿಸೋಣ” ಎಂದೆ. “ಏಪ್ರಿಲ್ ಅಂದ್ರೆ ಏಪ್ರಿಲ್ ಕಣೆ. ಹುಳಕ್ಕೆ ನಿನಗಿಂತ ಚೆನ್ನಾಗಿ ಕ್ಯಾಲೆಂಡರ್ ಗೊತ್ತು” ಎಂದಿರಿ. ಹುಳಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ ಅಕ್ಕ, ಸೆಕೆ ಮತ್ತು ಚಳಿ ಮಾತ್ರ ಗೊತ್ತು. ಎರಡನೇ ಸಲ ಹೇಳಿದಾಗ, “ನೆಲಮಾಳಿಗೆಗೆ ಯಜಮಾನಿ ನಾನೋ ನೀನೋ?” ಎಂದು ಕೇಳಿದಿರಿ. ಮೂರನೇ ಸಲ ಒಂದು ಹಾಳೆಯನ್ನೇ ತಂದು ಊಟದ ಮೇಜಿನ ಮೇಲಿಟ್ಟೆ. ಬೂದು ಮೊಟ್ಟೆಗಳು ನೀಲಿಗೆ ತಿರುಗಿದ್ದವು, ಇನ್ನೇನು ಒಡೆಯುತ್ತವೆ ಎನ್ನುವ ಗುರುತು ಅದು. “ನಿನ್ನ ಕಣ್ಣಲ್ಲೇ ನೀಲಿ ಇದೆ” ಎಂದು ನಕ್ಕಿರಿ. ಭಾವ ನಕ್ಕರು. ನನ್ನ ಗಂಡನೂ ನಕ್ಕ. ಅತ್ತೆಯೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಲಲ್ಲಿಟ್ಟುಕೊಂಡರು.

ಫೆಬ್ರವರಿ ಹತ್ತೊಂಬತ್ತರ ಬೆಳಗ್ಗೆ ಇಳಿದು ನೋಡಿದರೆ ಹಾಳೆಗಳ ಮೇಲೆ ಕರಿ ಧೂಳು ಹರಿದಾಡುತ್ತಿತ್ತು. ಒಂದೊಂದು ಹುಳವೂ ಇರುವೆಗಿಂತ ಸಣ್ಣದು, ಒಂದೊಂದಕ್ಕೂ ಹಸಿವು. ಹೊರಗೆ ಹಿಪ್ಪುನೇರಳೆ ಬರಲುಕಡ್ಡಿಯಂತೆ ನಿಂತಿತ್ತು. ನಾನು ಮತ್ತು ಅತ್ತೆ ಬ್ಲೇಡಿನಿಂದ ಮೊಗ್ಗು ಸೀಳಿ, ಒಳಗಿನ ಉಗುರಿನಷ್ಟು ಹಸಿರನ್ನು ಬಿಡಿಸಿ ಹಾಕಿದೆವು. ಸಂಜೆಯವರೆಗೆ ಸೀಳಿದರೂ ಒಂದು ತಟ್ಟೆ ತುಂಬಲಿಲ್ಲ. ಮಾರುಕಟ್ಟೆಯ ಸೊಪ್ಪು ತಂದು ಹೆಚ್ಚಿ ಹರಡಿದರೆ ಅದರ ಮೇಲೆ ನಡೆದಾಡಿದವು, ಬಾಯಿ ಹಾಕಲಿಲ್ಲ. ನಾಲ್ಕನೇ ದಿನ ತಲೆಯೆತ್ತಿ ಹಾಗೇ ನಿಂತವು. ಆರನೇ ದಿನ ಕೋಳಿಗರಿಯಿಂದ ಗುಡಿಸಿ ತೆಗೆದೆ. ಅತ್ತೆ ಅಳಲಿಲ್ಲ, ಖಾಲಿ ತಟ್ಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಸರಿಸುತ್ತಿದ್ದರು.

ಆಗ ನೀವು ಎಲ್ಲರ ಮುಂದೆ ಹೇಳಿದಿರಿ: “ಬಾಗಿಲು ತೆಗೆದಿಟ್ಟು ಫೋನಲ್ಲಿ ಹರಟ್ತಾ ಕೂತಿದ್ಲು. ಬಿಸಿಗಾಳಿ ಒಳಗೆ ಹೋಗದೆ ಇರುತ್ತಾ? ನಾನೇ ಕಣ್ಣಾರೆ ನೋಡಿದೀನಿ.” ನಡೆಯದ್ದನ್ನು ಕಣ್ಣಾರೆ ನೋಡುವ ವಿದ್ಯೆ ನಿಮಗೊಬ್ಬರಿಗೇ ಬರುತ್ತದೆ. ನೋಟ್‌ಬುಕ್ ಮುಂದೆ ಹಿಡಿದೆ. “ಅಂಕಿ ಯಾರು ಬೇಕಾದ್ರೂ ಬರೀಬಹುದು” ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹವೆಗೆ ಜ್ವರ ಬಂತು, ಬರೆ ನನಗೆ ಬಿತ್ತು. ನನ್ನ ಗಂಡ ಎರಡು ವಾರ ಬೇರೇನೂ ಮಾತಾಡಲಿಲ್ಲ. ದಿನಕ್ಕೊಂದು ಸಲ, “ನಿಜ ಹೇಳು, ಬಾಗಿಲು ಹಾಕಿದ್ಯಾ?” ಹದಿನೈದನೇ ದಿನ ಕೇಳಿಸಿಕೊಳ್ಳಲು ನಾನು ಅಲ್ಲಿರಲಿಲ್ಲ.

ಈಗ ಹೂವಿನ ಸಗಟು ಅಂಗಡಿಯ ಶೀತಲ ಕೋಣೆಯಲ್ಲಿ ಕೆಲಸ. ಬೆರಳು ಮರಗಟ್ಟುತ್ತವೆ, ಮನಸ್ಸಿಗೆ ಹಾಯಾಗಿದೆ. ಈ ಸಲ ನಿಮ್ಮ ಮನೆಗೆ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ಸುತ್ತಲಿನ ಎಲ್ಲರ ಮನೆಯಲ್ಲೂ ಹೀಗೇ ಆಗುತ್ತಿದೆ, ಚಳಿ ಸಾಲುತ್ತಿಲ್ಲ, ಹುಳಕ್ಕೂ ಎಲೆಗೂ ಹೊತ್ತು ತಪ್ಪಿದೆ ಎಂದರಂತೆ. ನೀವು ತಲೆದೂಗಿದಿರಂತೆ. ಅದೇ ಮಾತನ್ನು ನಾನು ಏಪ್ರನ್ ಕಟ್ಟಿಕೊಂಡು ಹೇಳಿದ್ದೆ. ಅವರು ಬ್ಯಾಡ್ಜ್ ಹಾಕಿಕೊಂಡು ಹೇಳಿದರು. ಅಷ್ಟೇ ವ್ಯತ್ಯಾಸ.

ನಾನು ಬರುವುದಿಲ್ಲ. ನೋಟ್‌ಬುಕ್ ಕಳಿಸುವುದಿಲ್ಲ. ಥರ್ಮಾಮೀಟರ್ ಅಲ್ಲೇ ಮೊಳೆಗೆ ನೇತಾಡುತ್ತಿರಬೇಕು, ನಿಮ್ಮ ಮೈದುನನಿಗೆ ಓದಲು ಹೇಳಿ. ಬಾಗಿಲು ಹಾಕಿದ್ದಾನೋ ಇಲ್ಲವೋ ಎಂದು ದಿನಾ ಕೇಳಿ. ಅತ್ತೆಗೆ ಬೇರೆ ಕಾಗದ ಬರೆಯಬೇಕೆಂದು ನಾಲ್ಕು ಸಲ ಕೂತೆ, ಕೈ ಓಡಲಿಲ್ಲ. ಯಾಕೆಂದು ನೀವು ಕೇಳಬೇಡಿ.

ಇಂತಿ,
ನಿಮ್ಮ ಮನೆಯ ಕಿರಿಸೊಸೆಯಾಗಿದ್ದವಳು

ತಾ.ಕ.: ಮರೆತಿದ್ದೆ ಎಂದರೆ ಸುಳ್ಳು. ಇದನ್ನು ಬರೆಯಲಾರದೆಯೇ ಇಷ್ಟುದ್ದ ಬೈದೆ. ಇದೊಂದನ್ನು ಅತ್ತೆಗೆ ಓದಿ ಹೇಳಿ. ಅವರ ಹಳದಿ ಗೂಡಿನ ತಳಿ ಸತ್ತಿಲ್ಲ. ಎರಡನೇ ಸಲ ನಿಮ್ಮಿಂದ ಬೈಸಿಕೊಂಡ ದಿನ, ಮೊಟ್ಟೆಗಳು ಇನ್ನೂ ಬೂದು ಬಣ್ಣದಲ್ಲಿದ್ದಾಗಲೇ, ಒಂದು ಹಾಳೆಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಹೋಗಿ ಔಷಧದಂಗಡಿಯ ಗೆಳತಿಯ ಫ್ರಿಜ್ಜಿನಲ್ಲಿಟ್ಟೆ. ಅವು ಏಪ್ರಿಲ್‌ನಲ್ಲಿ, ಎಲೆಯ ಹೊತ್ತಿಗೆ ಸರಿಯಾಗಿ ಎದ್ದವು. ಮೂರು ವರ್ಷದಿಂದ ನನ್ನ ಕೋಣೆಯಲ್ಲಿ ಗೂಡು ಕಟ್ಟುತ್ತಿವೆ. ಅವತ್ತು ಗೆಳತಿ ಫ್ರಿಜ್ಜಿನ ಕೆಳಗಿನ ಎರಡು ಅರೆಗಳನ್ನು ಖಾಲಿ ಮಾಡಿ, “ಉಳಿದವನ್ನೂ ತಂದುಬಿಡು, ಬೇಕಾದಷ್ಟು ಜಾಗ ಇದೆ” ಎಂದಳು. ಸಾಕು ಎಂದೆ. ಉಳಿದ ಇಪ್ಪತ್ತೊಂಬತ್ತು ಒಡೆಯಲಿ, ನೀವು ನೋಡುವಂತಾಗಲಿ ಎಂದು.